ಮೂರು ಸುತ್ತು, ಮೂರು ಪಂದ್ಯ, ಒಂದು ರಾತ್ರಿ

2008ರ ಏಪ್ರಿಲ್ 18, ಶುಕ್ರವಾರ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗ್ಯಾಲರಿಯಲ್ಲಿ ನಾನೂ ಒಬ್ಬನಾಗಿ ಕೂತಿದ್ದೆ. ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಬ್ರೆಂಡನ್ ಮೆಕಲಮ್ 73 ಎಸೆತಗಳಲ್ಲಿ 158 ರನ್ ಚಚ್ಚಿ ಔಟಾಗದೆ ಉಳಿದ. ನಮ್ಮ ರಾಹುಲ್ ದ್ರಾವಿಡ್ ನಾಯಕನಾಗಿದ್ದ ತಂಡ 82ಕ್ಕೆ ಗಂಟುಮೂಟೆ ಕಟ್ಟಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಹಿರಿಯರೊಬ್ಬರು, 'ಇದು ಆಟವಲ್ಲ ಕಣ್ರೀ, ಜಾತ್ರೆ' ಎಂದು ಬೈಯುತ್ತಿದ್ದರು. ನನಗೂ ಹೌದೆನ್ನಿಸಿತ್ತು. ಐದು ದಿನ ಆಡಿ ತೋರಿಸಬೇಕಾದದ್ದನ್ನು ಮೂರು ಗಂಟೆಯಲ್ಲಿ ತೋರಿಸು ಅಂದರೆ ಹೇಗೆ? ಆಟಗಾರನ ಅಸಲಿ ಯೋಗ್ಯತೆ ಗೊತ್ತಾಗುವುದು ದೀರ್ಘ ಆಟದಲ್ಲಿ ಎಂಬುದು ನಾವೆಲ್ಲ ನಂಬಿಕೊಂಡು ಬಂದಿದ್ದ ಮಾತು.

ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಏಪ್ರಿಲ್ 11ರ ಶುಕ್ರವಾರ ರಾತ್ರಿ, ಲಂಡನ್ನಿನಲ್ಲಿ ಇನ್ನೊಂದು ಚುಟುಕು ಆಟ ಶುರುವಾಗಿತ್ತು. ಅದರ ಸುದ್ದಿ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ಕೆಲಸದ ಮೇಲೆ ಬೆಲ್‌ಫಾಸ್ಟ್ ನಗರಕ್ಕೆ ಹೋಗಿ ಕೆಲಕಾಲ ಉಳಿದಾಗ. ಒಂದು ಸಂಜೆ ಜಡಿಮಳೆಯಲ್ಲಿ ಟ್ಯಾಕ್ಸಿ ಹತ್ತಿದೆ. ನಾನು ಭಾರತದವನೆಂದು ತಿಳಿದ ಚಾಲಕ ಕ್ರಿಕೆಟ್ ಬಗ್ಗೆ ನಾಲ್ಕು ಮಾತಾಡಿ, ಅದು ತನಗೆ ಅಷ್ಟಾಗಿ ಅರ್ಥವಾಗುವುದಿಲ್ಲ ಎಂದು ಒಪ್ಪಿಕೊಂಡು, 'ನಮ್ಮದೇನಿದ್ದರೂ ಬಾಕ್ಸಿಂಗ್' ಅಂದರು. ಆಮೇಲೆ ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತಾ, 'ಹೀಗೇ ಇಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವನೊಬ್ಬ ಒಂದೇ ರಾತ್ರಿಯಲ್ಲಿ ಮೂರು ಜನರನ್ನು ಸೋಲಿಸಿ ಬಂದ, ಗೊತ್ತೇ?' ಎಂದು ಕೇಳಿದರು. ಗೊತ್ತಿರಲಿಲ್ಲ. ಇಳಿಯುವ ಮೊದಲು ಹೆಸರು ಬರೆದುಕೊಂಡೆ: ಮಾರ್ಟಿನ್ ರೋಗನ್.

ಆ ಹೆಸರಿನ ಬೆನ್ನು ಹತ್ತಿ ಹೋದಾಗ ಐರಿಷ್ ಬಾಕ್ಸಿಂಗಿನ ಚರಿತ್ರೆಯೇ ತೆರೆದುಕೊಂಡಿತು. ಜೊತೆಗೆ, ಚಿನ್ನಸ್ವಾಮಿಯಿಂದ ಹೊತ್ತು ತಂದಿದ್ದ ನನ್ನ ನಂಬಿಕೆಯೂ ಸ್ವಲ್ಪ ಅಲುಗಾಡಿತು.

ಮೊದಲು ಆ ಪಂದ್ಯಾವಳಿ ಏನೆಂದು ಹೇಳಿಬಿಡುತ್ತೇನೆ. ಹೆಸರು 'ಪ್ರೈಜ್‌ಫೈಟರ್'. ನಡೆಸಿದವನು ಸ್ನೂಕರ್ ಮತ್ತು ಡಾರ್ಟ್ಸ್ ಆಟಗಳನ್ನು ಟೀವಿಗೆ ಒಗ್ಗಿಸಿ ಹೆಸರು ಮಾಡಿದ್ದ ಬ್ಯಾರಿ ಹರ್ನ್ ಎಂಬ ಇಂಗ್ಲಿಷ್ ಪ್ರಮೋಟರ್. ಎಂಟು ಮಂದಿ ಬಾಕ್ಸರ್‌ಗಳು. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಎಲ್ಲವೂ ಒಂದೇ ರಾತ್ರಿ. ಪ್ರತಿ ಪಂದ್ಯಕ್ಕೆ ಮೂರೇ ಸುತ್ತು, ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷ ಬಿಡುವು. ಸೋತವನು ಮನೆಗೆ, ಗೆದ್ದವನು ಮುಂದಕ್ಕೆ. ಇಲ್ಲಿ 'ನಾಕೌಟ್' ಎಂಬ ಮಾತಿಗೆ ಎರಡೂ ಅರ್ಥ ಉಂಟು: ಎದುರಾಳಿಯನ್ನು ನೆಲಕ್ಕೆ ಬೀಳಿಸುವುದೂ ನಾಕೌಟ್, ಸೋತರೆ ಪಂದ್ಯಾವಳಿಯಿಂದಲೇ ಹೊರಬೀಳುವುದೂ ನಾಕೌಟ್. ಮೊದಲ ಆವೃತ್ತಿ ಹೆವಿವೇಟ್ ಬಾಕ್ಸರ್‌ಗಳದ್ದು. ನಡೆದದ್ದು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿರುವ ಯಾರ್ಕ್ ಹಾಲ್‌ನಲ್ಲಿ. 1929ರಲ್ಲಿ ಸಾರ್ವಜನಿಕ ಸ್ನಾನಗೃಹವಾಗಿ ತೆರೆದ ಕಟ್ಟಡ ಅದು. ಸಾವಿರದ ಇನ್ನೂರು ಮಂದಿ ಕೂತರೆ ತುಂಬಿಹೋಗುತ್ತದೆ. ಬಾಲ್ಕನಿಯಲ್ಲಿ ಕೂತವನಿಗೂ ಹೊಡೆತದ ಸದ್ದು ಕೇಳುವಷ್ಟು ಚಿಕ್ಕದು.

ಈಗ ನಿಮ್ಮನ್ನು ಆ ರಾತ್ರಿಗೆ ಒಂದು ದಿನ ಹಿಂದಕ್ಕೆ ಕರೆದೊಯ್ಯುತ್ತೇನೆ. ಏಪ್ರಿಲ್ 10ರಂದು ಯಾರಾದರೂ ನಿಮ್ಮನ್ನು 'ಈ ಬೆಲ್‌ಫಾಸ್ಟಿನವನಿಗೆ ಎಷ್ಟು ಅವಕಾಶ ಇದೆ?' ಎಂದು ಕೇಳಿದ್ದರೆ ಏನು ಹೇಳುತ್ತಿದ್ದಿರಿ?

ಹುಟ್ಟಿದ್ದು 1971ರ ಮೇ 1ರಂದು. ಅಂದರೆ ಇನ್ನು ಮೂರು ವಾರಕ್ಕೆ ಮೂವತ್ತೇಳು ತುಂಬುತ್ತದೆ. ಬಾಕ್ಸರ್‌ಗಳು ಸಾಮಾನ್ಯವಾಗಿ ಗ್ಲೌಸ್ ಕಳಚಿಡುವ ವಯಸ್ಸು. ಬಾಕ್ಸಿಂಗಿಗೆ ಬಂದದ್ದೇ ತಡವಾಗಿ. ವೃತ್ತಿಪರನಾದದ್ದು 2004ರಲ್ಲಿ, ಮೂವತ್ಮೂರರಲ್ಲಿ. ಆಮೇಲಿನ ಮೂರೂವರೆ ವರ್ಷದಲ್ಲಿ ಆಡಲು ಸಿಕ್ಕಿದ್ದು ಏಳೇ ಪಂದ್ಯ. ಏಳನ್ನೂ ಗೆದ್ದಿದ್ದ, ಆದರೆ ಗೆದ್ದದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಹೊಟ್ಟೆಪಾಡಿಗೆ ಟ್ಯಾಕ್ಸಿ. ಅದೇ ಎಂಟು ಮಂದಿಯಲ್ಲಿ ಸಂಡರ್ಲೆಂಡಿನ ಡೇವಿಡ್ ಡೋಲನ್ ಇದ್ದ. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸೂಪರ್ ಹೆವಿವೇಟ್ ಚಿನ್ನ ಗೆದ್ದವನು, ರೋಗನ್‌ಗಿಂತ ವಯಸ್ಸಿನಲ್ಲಿ ಕಿರಿಯ. ಕಾಗದದ ಮೇಲೆ ನೋಡಿದರೆ ರೋಗನ್‌ಗೆ ಹೆಚ್ಚಿನ ಆಸೆ ಇಟ್ಟುಕೊಳ್ಳಲು ಕಾರಣಗಳಿರಲಿಲ್ಲ.

ಏಳೇ ಪಂದ್ಯ ಯಾಕೆ ಎಂಬುದನ್ನು ತಿಳಿಯಲು ವೃತ್ತಿಪರ ಬಾಕ್ಸಿಂಗ್ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಬೇಕು. ಅಲ್ಲಿ ರಣಜಿ ಟ್ರೋಫಿಯಂಥ ವೇಳಾಪಟ್ಟಿ ಇಲ್ಲ. ಯಾರು ಯಾರೊಡನೆ, ಎಲ್ಲಿ, ಎಷ್ಟು ಸುತ್ತು ಆಡಬೇಕೆಂಬುದನ್ನು ಪ್ರಮೋಟರ್‌ಗಳೂ ಮ್ಯಾನೇಜರ್‌ಗಳೂ ಕೂತು ಗೊತ್ತು ಮಾಡುತ್ತಾರೆ, ಹೆಚ್ಚುಕಡಿಮೆ ಮದುವೆ ಸಂಬಂಧ ಕುದುರಿಸಿದ ಹಾಗೆ. ಭರವಸೆಯ ಹುಡುಗನೊಬ್ಬ ಸಿಕ್ಕರೆ ಅವನನ್ನು ಜೋಪಾನವಾಗಿ ಬೆಳೆಸುತ್ತಾರೆ. ಮೊದಲು ನಾಲ್ಕು ಸುತ್ತಿನ ಪಂದ್ಯ, ಆಮೇಲೆ ಆರು, ಎಂಟು, ಹತ್ತು, ಕೊನೆಗೆ ಪ್ರಶಸ್ತಿಗಾಗಿ ಹನ್ನೆರಡು. ದಾರಿಯಲ್ಲಿ ಅವನ ಎದುರು ನಿಲ್ಲಲು ಊರಿಂದೂರಿಗೆ ಹೋಗಿ ಆಡುವ, ಸೋಲುವುದು ಹೆಚ್ಚುಕಡಿಮೆ ಮೊದಲೇ ಗೊತ್ತಿರುವ ಅನುಭವಸ್ಥರನ್ನು ಕರೆಸುತ್ತಾರೆ. ಮೋಸವೆಂದಲ್ಲ, ಕಲಿಸುವ ವಿಧಾನವೇ ಹಾಗೆ. ಆದರೆ ಈ ಏಣಿ ಹತ್ತಲು ಐದಾರು ವರ್ಷ ಬೇಕು, ದುಡ್ಡು ಹಾಕುವವರು ಬೇಕು, ಟಿಕೆಟ್ ಕೊಳ್ಳುವ ಜನ ಬೇಕು. ಮೂವತ್ಮೂರಕ್ಕೆ ಮೊದಲ ಮೆಟ್ಟಿಲ ಮೇಲೆ ನಿಂತವನ ಮೇಲೆ ಯಾರು ಹಣ ಹೂಡುತ್ತಾರೆ? ಅವನು ಮೇಲಿನ ಮೆಟ್ಟಿಲು ಮುಟ್ಟುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ದೀರ್ಘ ಆಟ ಎಲ್ಲರ ಯೋಗ್ಯತೆಯನ್ನೂ ತೋರಿಸುತ್ತದೆ ಎಂಬ ನನ್ನ ನಂಬಿಕೆ ಅಲುಗಾಡಿದ್ದು ಇಲ್ಲೇ. ದೀರ್ಘ ಆಟ ಯೋಗ್ಯತೆಯನ್ನು ತೋರಿಸುತ್ತದೆ, ನಿಜ. ಆದರೆ ಅದನ್ನು ಆಡುವ ಜಾಗದವರೆಗೆ ಬರಲು ಬಿಟ್ಟವರದ್ದನ್ನು ಮಾತ್ರ.

ಇನ್ನು ಚುಟುಕು ಆಟವೆಂಬುದು ಹರ್ನ್ ಕಂಡುಹಿಡಿದ ಹೊಸ ತಂತ್ರವೇ? ಅಲ್ಲ. ಕೈಗವಸಿನ ಬಾಕ್ಸಿಂಗಿನ ಮೂಲ ಹುಡುಕಿದರೆ ಸಿಗುವುದು ಮೂರು ಸುತ್ತೇ. 1867ರಲ್ಲಿ ಲಂಡನ್ನಿನ ಲಿಲ್ಲಿ ಬ್ರಿಜ್ ಮೈದಾನದಲ್ಲಿ ಹವ್ಯಾಸಿಗಳಿಗಾಗಿ ಒಂದು ಸ್ಪರ್ಧೆ ನಡೆಯಿತು. ಅದಕ್ಕಾಗಿ ಜಾನ್ ಗ್ರಹಾಂ ಚೇಂಬರ್ಸ್ ಎಂಬಾತ ನಿಯಮಗಳನ್ನು ಬರೆದ. ಕ್ವೀನ್ಸ್‌ಬರಿಯ ಮಾರ್ಕ್ವೆಸ್ ತನ್ನ ಹೆಸರು ಕೊಟ್ಟ. ಸುತ್ತಿಗೆ ಮೂರು ನಿಮಿಷ, ಒಂದು ನಿಮಿಷ ವಿರಾಮ, ಕೈಗೆ ಗ್ಲೌಸ್ ಎಂಬ ಇಂದಿನ ಕಟ್ಟುಪಾಡುಗಳೆಲ್ಲ ಬಂದದ್ದು ಅಲ್ಲಿಂದ. ಅದಕ್ಕೂ ಹಿಂದೆ ಬರಿಗೈ ಕಾಳಗವಿತ್ತು. ಅಲ್ಲಿ ಸುತ್ತು ಮುಗಿಯುತ್ತಿದ್ದುದು ಗಡಿಯಾರ ನೋಡಿಯಲ್ಲ, ಒಬ್ಬ ನೆಲಕ್ಕೆ ಬಿದ್ದಾಗ. ಐರ್ಲೆಂಡಿನ ಜನಪದ ನಾಯಕ ಡ್ಯಾನ್ ಡಾನೆಲಿ 1815ರ ಡಿಸೆಂಬರಿನಲ್ಲಿ ಕಿಲ್ಡೇರ್ ಸೀಮೆಯ ಕರಾಘ್ ಬಯಲಿನಲ್ಲಿ ಇಂಗ್ಲೆಂಡಿನ ಜಾರ್ಜ್ ಕೂಪರ್‌ನನ್ನು ಸೋಲಿಸಿದ್ದು ಅಂಥ ಕಾಳಗದಲ್ಲಿ. ಗೆದ್ದು ಹೊರಟ ಅವನ ಹೆಜ್ಜೆ ಗುರುತುಗಳೆಂದು ತೋರಿಸುವ ಸಾಲು ಗುಳಿಗಳು ಆ ಹಳ್ಳದಲ್ಲಿ ಇಂದಿಗೂ ಇವೆ. ಹೋದವರು ಅವುಗಳ ಮೇಲೆ ಕಾಲಿಟ್ಟು ನಡೆಯುವುದರಿಂದ ಅವು ಮುಚ್ಚಿಹೋಗಿಲ್ಲ.

ಗ್ಲೌಸ್ ಬಂದ ಮೇಲೂ ವೃತ್ತಿಪರರ ಪಂದ್ಯಗಳಿಗೆ ಕೊನೆಮೊದಲಿರಲಿಲ್ಲ. 1893ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಆಂಡಿ ಬೋವೆನ್ ಮತ್ತು ಜ್ಯಾಕ್ ಬರ್ಕ್ 110 ಸುತ್ತು, ಏಳು ಗಂಟೆಗೂ ಮೀರಿ ಬಡಿದಾಡಿ, ಕೊನೆಗೆ ಇಬ್ಬರಿಗೂ ಮುಂದುವರಿಸಲಾಗದೆ ನಿಲ್ಲಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಪ್ರಶಸ್ತಿ ಪಂದ್ಯಗಳು ಹದಿನೈದು ಸುತ್ತಿಗೆ ಬಂದು ನಿಂತವು. 1982ರ ನವೆಂಬರಿನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಎಂಬ ಯುವಕ ಅಮೆರಿಕದ ರೇ ಮ್ಯಾನ್ಸಿನಿಯೆದುರು ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ಸಾವಿನ ನಂತರ ಹದಿನೈದು ಹನ್ನೆರಡಾಯಿತು. ಹೀಗೆ ಬಾಕ್ಸಿಂಗಿನ ಚರಿತ್ರೆಯನ್ನು ಒಂದು ರೀತಿಯಲ್ಲಿ ಪಂದ್ಯ ಚಿಕ್ಕದಾಗುತ್ತಾ ಬಂದ ಕತೆ ಎಂದೇ ಓದಬಹುದು. ಒಮ್ಮೆ ಸಾವಿಗೆ ಹೆದರಿ ಚಿಕ್ಕದು ಮಾಡಿದರು. ಇನ್ನೊಮ್ಮೆ, 2008ರಲ್ಲಿ, ಟೀವಿ ನೋಡುವವನ ತಾಳ್ಮೆಗೆ ಹೆದರಿ.

ಈ ಎರಡರ ನಡುವೆ ಮೂರು ಸುತ್ತಿನ ಬಾಕ್ಸಿಂಗ್ ತನ್ನ ಪಾಡಿಗೆ ತಾನು ಹವ್ಯಾಸಿಗಳ ಕ್ಲಬ್ಬುಗಳಲ್ಲಿ ಬದುಕಿಕೊಂಡಿತ್ತು. ಐರ್ಲೆಂಡ್ ಗಟ್ಟಿಯಾಗಿದ್ದದ್ದು ಅಲ್ಲಿಯೇ. ಆ ದೇಶದ ಹವ್ಯಾಸಿ ಬಾಕ್ಸಿಂಗ್ ಸಂಸ್ಥೆ ಹುಟ್ಟಿದ್ದು 1911ರಲ್ಲಿ. ಹತ್ತು ವರ್ಷಕ್ಕೆ ದ್ವೀಪ ಎರಡು ಹೋಳಾಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನಲ್ಲೇ ಉಳಿದವು, ದಕ್ಷಿಣ ಸ್ವತಂತ್ರವಾಯಿತು. ಫುಟ್‌ಬಾಲ್ ಸಂಸ್ಥೆಯೂ ಒಡೆದು ಎರಡಾಯಿತು. ಬಾಕ್ಸಿಂಗ್ ಸಂಸ್ಥೆ ಮಾತ್ರ ಒಡೆಯಲಿಲ್ಲ. ಮೂವತ್ತೆರಡು ಕೌಂಟಿಗಳಿಗೂ ಅದೊಂದೇ. 1939ರಲ್ಲಿ ಡಬ್ಲಿನ್ನಿನ ಸೌತ್ ಸರ್ಕ್ಯುಲರ್ ರಸ್ತೆಯಲ್ಲಿ ಬಾಕ್ಸಿಂಗಿಗೆಂದೇ ಒಂದು ರಾಷ್ಟ್ರೀಯ ಕ್ರೀಡಾಂಗಣ ಕಟ್ಟಿದರು. ಒಂದೇ ಆಟಕ್ಕಾಗಿ, ಅದೂ ಬಡವರ ಮಕ್ಕಳು ಆಡುವ ಆಟಕ್ಕಾಗಿ ಅಂಥದ್ದೊಂದು ಕಟ್ಟಡ ಎಬ್ಬಿಸಿದ ದೇಶಗಳು ಕಡಿಮೆ.

ಫಲವೂ ಬಂತು. 1952ರಲ್ಲಿ ಬೆಲ್‌ಫಾಸ್ಟಿನ ಜಾನ್ ಮೆಕ್‌ನಲಿ ಹೆಲ್ಸಿಂಕಿಯಲ್ಲಿ ಬೆಳ್ಳಿ ಗೆದ್ದ. ಐರ್ಲೆಂಡಿಗೆ ಬಾಕ್ಸಿಂಗಿನ ಮೊದಲ ಒಲಿಂಪಿಕ್ ಪದಕ ಅದು. 1956ರ ಮೆಲ್ಬರ್ನ್‌ನಲ್ಲಿ ಒಟ್ಟಿಗೆ ನಾಲ್ಕು ಪದಕ: ಫ್ರೆಡ್ ಟೀಟ್‌ಗೆ ಬೆಳ್ಳಿ, ಜಾನ್ ಕಾಲ್ಡ್‌ವೆಲ್, ಫ್ರೆಡಿ ಗಿಲ್ರಾಯ್, ಟೋನಿ ಬರ್ನ್ ಇವರಿಗೆ ಕಂಚು. 1992ರ ಬಾರ್ಸಿಲೋನಾದಲ್ಲಿ ಮೈಕಲ್ ಕರೂತ್‌ಗೆ ಚಿನ್ನ. ಎಲ್ಲವೂ ಮೂರು ಸುತ್ತಿನ ಆಟದಲ್ಲಿ. ನಡುವೆ ಕೆಲ ವರ್ಷ ನಿಯಮ ಬದಲಾಗಿ ಎರಡೆರಡು ನಿಮಿಷದ ನಾಲ್ಕು ಸುತ್ತುಗಳಾದದ್ದೂ ಉಂಟು. ಹೇಗೇ ಎಣಿಸಿದರೂ ಎಂಟೊಂಬತ್ತು ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಅಂಥ ಆಟದಲ್ಲಿ ಎದುರಾಳಿಯನ್ನು ಓದುತ್ತಾ ಕೂರಲು ಹೊತ್ತಿಲ್ಲ. ಮೊದಲ ಸುತ್ತು ಕೈಬಿಟ್ಟರೆ ಪಂದ್ಯದ ಮೂರನೇ ಒಂದು ಭಾಗ ಹೋಯಿತು. ಗಂಟೆ ಹೊಡೆದ ಕ್ಷಣದಿಂದಲೇ ಕೈ ಓಡಬೇಕು. ಇದನ್ನು ಐರಿಷ್ ಕ್ಲಬ್ಬುಗಳಲ್ಲಿ ಹತ್ತು ವರ್ಷದ ಹುಡುಗರಿಗೆ ಕಲಿಸುತ್ತಾರೆ.

ಅದೇ ಕಾಲ್ಡ್‌ವೆಲ್, ಗಿಲ್ರಾಯ್ ಇಬ್ಬರೂ ಮುಂದೆ ವೃತ್ತಿಪರರಾಗಿ 1962ರ ಅಕ್ಟೋಬರಿನಲ್ಲಿ ಬೆಲ್‌ಫಾಸ್ಟಿನ ಕಿಂಗ್ಸ್ ಹಾಲ್‌ನಲ್ಲಿ ಎದುರಾದರು. ಒಂದೇ ಊರಿನವರು, ಮೆಲ್ಬರ್ನ್‌ಗೆ ಜೊತೆಯಲ್ಲಿ ಹೋಗಿ ಬಂದವರು. ಒಂಬತ್ತನೆಯ ಸುತ್ತಿನ ಹೊತ್ತಿಗೆ ಕಾಲ್ಡ್‌ವೆಲ್‌ನ ಕಣ್ಣಿನ ಬಳಿ ಸೀಳಿ, ಆಟ ಮುಂದುವರಿಸಲಾಗಲಿಲ್ಲ. ಒಂಬತ್ತು ನಿಮಿಷದಲ್ಲಿ ಕಾಣದ ದೌರ್ಬಲ್ಯವನ್ನು ದೀರ್ಘ ಆಟ ಹುಡುಕಿ ತೆಗೆಯುತ್ತದೆ: ಬೇಗ ಸೀಳುವ ಚರ್ಮ, ದಣಿಯುವ ಕಾಲು, ಊದುವ ಕಣ್ಣು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮತ್ತೆ ಏಪ್ರಿಲ್ 10ರ ಪ್ರಶ್ನೆಗೆ ಬರೋಣ. ರೋಗನ್‌ನ ಪರವಾಗಿ ಏನಿತ್ತು? ಹವ್ಯಾಸಿ ಬಾಕ್ಸಿಂಗಿನ ಪಾಠ ಇತ್ತು. ಹೊಡೆತದಲ್ಲಿ ತೂಕ ಇತ್ತು. ತಡವಾಗಿ ಬಂದದ್ದರಿಂದ ಒಂದು ಲಾಭವೂ ಇತ್ತು: ಇಪ್ಪತ್ತು ವರ್ಷ ತಲೆಗೆ ಪೆಟ್ಟು ತಿಂದು ಸವೆದ ದೇಹವಲ್ಲ ಅದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಪಂದ್ಯಾವಳಿ ಯಾರ ಬಳಿಯೂ 'ಕಳೆದ ಐದು ವರ್ಷ ಎಲ್ಲಿದ್ದೆ?' ಎಂದು ಕೇಳುವುದಿಲ್ಲ. ಎದುರಿಗೆ ನಿಂತವನನ್ನು ಒಂಬತ್ತು ನಿಮಿಷ ಸಂಭಾಳಿಸಬಲ್ಲೆಯಾ ಎಂದಷ್ಟೇ ಕೇಳುತ್ತದೆ.

ಆದರೆ ಚುಟುಕು ಎಂಬ ಮಾತಿನಲ್ಲಿ ಒಂದು ಮೋಸವಿದೆ. ಲೆಕ್ಕ ಹಾಕಿ ನೋಡಿ. ಮೊದಲೇ ಸೋತವನಿಗೆ ಹೆಚ್ಚೆಂದರೆ ಒಂಬತ್ತು ನಿಮಿಷ. ಗೆಲ್ಲುವವನಿಗೆ ಒಂಬತ್ತು ಮೂರಲಿ ಇಪ್ಪತ್ತೇಳು. ಪ್ರಶಸ್ತಿ ಪಂದ್ಯದ ಹನ್ನೆರಡು ಸುತ್ತೆಂದರೆ ಮೂವತ್ತಾರು ನಿಮಿಷ. ವ್ಯತ್ಯಾಸ ಅಷ್ಟೇನೂ ಇಲ್ಲ. ಜೊತೆಗೆ ಒಂದೇ ರಾತ್ರಿಯಲ್ಲಿ ಮೂರು ಬೇರೆಬೇರೆ ಎದುರಾಳಿಗಳು, ಮೂರು ಬಗೆಯ ಹೊಡೆತಗಳು. ನಡುವೆ ಡ್ರೆಸ್ಸಿಂಗ್ ರೂಮಿನಲ್ಲಿ ಮೈ ಆರಿ ಗಟ್ಟಿಯಾಗುತ್ತದೆ, ಪೆಟ್ಟಾದ ಬೆರಳು ಊದುತ್ತದೆ, ಮತ್ತೆ ಬೆಚ್ಚಗಾಗಿ ಹೊರಬರಬೇಕು. ಒಲಿಂಪಿಕ್ಸಿನಲ್ಲಿ ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ರಾತ್ರಿಯ ನಿದ್ದೆಯಾದರೂ ಇರುತ್ತದೆ, ಅಂದಿನ ದಿನಗಳಲ್ಲಿ ತಲೆಗೆ ಕವಚವೂ ಇತ್ತು. ಇಲ್ಲಿ ಎರಡೂ ಇಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಹುಬ್ಬು ಸೀಳಿದರೆ ಫೈನಲ್‌ಗೂ ಅದೇ ಹುಬ್ಬು. ಹೀಗಾಗಿ ಮೊದಲ ಪಂದ್ಯವನ್ನು ಗೆಲ್ಲುವುದಷ್ಟೇ ಅಲ್ಲ, ಅಗ್ಗವಾಗಿ ಗೆಲ್ಲುವುದೂ ಮುಖ್ಯವಾಗುತ್ತದೆ.

ಆ ರಾತ್ರಿ ರೋಗನ್ ಮೊದಲು ಅಲೆಕ್ಸ್ ಇಬ್ಸ್‌ನನ್ನು ಸೋಲಿಸಿದ. ಸೆಮಿಫೈನಲ್‌ನಲ್ಲಿ ಡೇವ್ ಫರ್ಗ್ಯೂಸನ್‌ನನ್ನು. ಫೈನಲ್‌ನಲ್ಲಿ ಎದುರಾದವನು ಡೋಲನ್, ಆ ಚಿನ್ನದ ಪದಕದವನು. ಬಹಳ ವರ್ಷಗಳ ಮೇಲೆ ಆ ಪಂದ್ಯದ ದೃಶ್ಯಗಳನ್ನು ನೋಡಿದೆ. ಸೊಗಸಾದ ಬಾಕ್ಸಿಂಗ್ ಎಂದು ಹೇಳಲಾರೆ. ದೊಡ್ಡ ಮೈಯ, ದಣಿದ ಇಬ್ಬರು ಗಂಡಸರು. ಆದರೆ ಅವರಲ್ಲಿ ಒಬ್ಬ, ಇನ್ನು ತನಗೆ ಇಂಥ ಶುಕ್ರವಾರ ಬರುವುದಿಲ್ಲ ಎಂದು ಗೊತ್ತಿರುವವನ ಹಾಗೆ ಮುಂದೆ ಮುಂದೆ ನುಗ್ಗುತ್ತಿದ್ದ. ಮೊಟ್ಟಮೊದಲ ಪ್ರೈಜ್‌ಫೈಟರ್ ಪ್ರಶಸ್ತಿ ಬೆಲ್‌ಫಾಸ್ಟಿನ ಟ್ಯಾಕ್ಸಿ ಚಾಲಕನಿಗೆ ಹೋಯಿತು.

ಅಲ್ಲಿಂದಾಚೆಗಿನ ಹದಿಮೂರು ತಿಂಗಳು ಕಟ್ಟುಕತೆಯ ಹಾಗಿದೆ. ಏಣಿಯೇ ಇಲ್ಲದವನಿಗೆ ಈಗ ನೇರ ಮೇಲಿನ ಮೆಟ್ಟಿಲಿನಿಂದ ಕರೆ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಆಡ್ಲಿ ಹ್ಯಾರಿಸನ್ ಎದುರಾದ. 2000ದ ಸಿಡ್ನಿ ಒಲಿಂಪಿಕ್ಸಿನ ಸೂಪರ್ ಹೆವಿವೇಟ್ ಚಿನ್ನ ಗೆದ್ದವನು, ಒಂದು ಕಾಲಕ್ಕೆ ಬ್ರಿಟನ್ ಕಣ್ಣಿಗೊತ್ತಿಕೊಂಡಿದ್ದ ಬಾಕ್ಸರ್. ಹತ್ತು ಸುತ್ತಿನ ಆ ಪಂದ್ಯವನ್ನು ರೋಗನ್ ಕೂದಲೆಳೆಯ ಅಂತರದಲ್ಲಿ ಗೆದ್ದ. 2009ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಟ್ ಸ್ಕೆಲ್ಟನ್‌ನನ್ನು ಹನ್ನೊಂದನೆಯ ಸುತ್ತಿನಲ್ಲಿ ಮಣಿಸಿ ಕಾಮನ್‌ವೆಲ್ತ್ ಹೆವಿವೇಟ್ ಪಟ್ಟ ಹೊತ್ತುಕೊಂಡು ಬಂದ. ಸ್ಕೆಲ್ಟನ್ ಅದಕ್ಕೆ ಹಿಂದಿನ ವರ್ಷವಷ್ಟೇ ವಿಶ್ವ ಪ್ರಶಸ್ತಿಗೆ ಸೆಣಸಿದ್ದವನು. 'ಮೂರು ಸುತ್ತಿನ ಗಿರಾಕಿ' ಎಂದು ಮೂಗು ಮುರಿಯುವವರಿಗೆ ಇದು ಉತ್ತರ: ದೀರ್ಘ ಆಟದ ಯೋಗ್ಯತೆಯೂ ಅವನಲ್ಲಿತ್ತು, ಕೇಳುವವರಿರಲಿಲ್ಲ ಅಷ್ಟೇ.

ಕತೆ ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಚರಿತ್ರೆ ನಮ್ಮ ಅನುಕೂಲಕ್ಕೆ ನಿಲ್ಲುವುದಿಲ್ಲವಲ್ಲ. 2009ರ ಮೇನಲ್ಲಿ ತನ್ನೂರಿನ ಒಡಿಸ್ಸಿ ಅರೀನಾದಲ್ಲಿ, ತನ್ನ ಜನರ ಮುಂದೆ, ರೋಗನ್ ಆ ಪಟ್ಟ ಉಳಿಸಿಕೊಳ್ಳಲು ರಿಂಗಿಗಿಳಿದ. ಎದುರಾಳಿ ನಾರಿಚ್‌ನ ಸ್ಯಾಮ್ ಸೆಕ್ಸ್‌ಟನ್. ಇವನೂ ಪ್ರೈಜ್‌ಫೈಟರ್‌ನ ಎರಡನೆಯ ಆವೃತ್ತಿ ಗೆದ್ದು ಮೇಲೆ ಬಂದವನೇ. ಒಂದೇ ಬಾಗಿಲಿನಿಂದ ಒಳಬಂದ ಇಬ್ಬರು ದೀರ್ಘ ಆಟದ ಮನೆಯಲ್ಲಿ ಎದುರಾದರು. ರೋಗನ್‌ನ ಎಡಗಣ್ಣು ಊದಿ ಊದಿ ಮುಚ್ಚಿಕೊಂಡಿತು. ಎಂಟನೆಯ ಸುತ್ತಿನಲ್ಲಿ ಪಂದ್ಯ ನಿಲ್ಲಿಸಿದರು. ನವೆಂಬರಿನಲ್ಲಿ ಮತ್ತೆ ಅವರಿಬ್ಬರೇ ಆಡಿದಾಗ ಆರು ಸುತ್ತಿನ ನಂತರ ರೋಗನ್ ತನ್ನ ಮೂಲೆಯಿಂದ ಏಳಲಿಲ್ಲ. ಮೂರು ಸುತ್ತಿನಲ್ಲಿ ಊದಲು ಸಮಯ ಸಿಗದ ಕಣ್ಣು ಎಂಟು ಸುತ್ತಿನಲ್ಲಿ ಊದುತ್ತದೆ. ವಯಸ್ಸೂ ಹಾಗೆಯೇ.

ಈ ಬಾಗಿಲಿನಿಂದ ಒಳಬಂದ ಐರಿಷ್ ಬಾಕ್ಸರ್ ರೋಗನ್ ಒಬ್ಬನೇ ಅಲ್ಲ. 2010ರಲ್ಲಿ ಲಿಮರಿಕ್ ನಗರದ ವಿಲ್ಲಿ ಕೇಸಿ ಸೂಪರ್ ಬ್ಯಾಂಟಮ್‌ವೇಟ್ ಆವೃತ್ತಿ ಗೆದ್ದ. ಅದೇ ವರ್ಷ ತನ್ನೂರಿನಲ್ಲೇ ಯುರೋಪಿಯನ್ ಪಟ್ಟವೂ ಸಿಕ್ಕಿತು. ಆ ಏರಿಕೆ ಅವನನ್ನು 2011ರ ಮಾರ್ಚಿನಲ್ಲಿ ಎಲ್ಲಿಗೆ ತಂದು ನಿಲ್ಲಿಸಿತೆಂದರೆ, ಡಬ್ಲಿನ್ನಿನಲ್ಲಿ ಗಿಯೆರ್ಮೊ ರಿಗಾಂಡೊ ಎದುರಿಗೆ. ಕ್ಯೂಬಾದ ಈತ ಎರಡು ಒಲಿಂಪಿಕ್ ಚಿನ್ನ ಗೆದ್ದವನು. ಮೊದಲ ಸುತ್ತಿನಲ್ಲೇ ಎಲ್ಲ ಮುಗಿಯಿತು. ಏಣಿಯ ನಡುವಿನ ಮೆಟ್ಟಿಲುಗಳನ್ನು ಹಾರಿ ಬಂದವನಿಗೆ ಆ ಮೆಟ್ಟಿಲುಗಳ ಮೇಲೆ ಕಲಿಯಬೇಕಿದ್ದ ಪಾಠವೂ ತಪ್ಪುತ್ತದೆ.

ಮೂರನೆಯವನ ಕತೆ ನಮ್ಮ ದೇಶವನ್ನು ಹಾದುಹೋಗುತ್ತದೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಿಮಗೆ ನೆನಪಿರಬಹುದು. 75 ಕೆಜಿ ವಿಭಾಗದಲ್ಲಿ ನಮ್ಮ ವಿಜೇಂದರ್ ಸಿಂಗ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಆಂಟನಿ ಒಗೋಗೊಗೆ ಸೋತ. ಕೊನೆಯ ಸುತ್ತಿನವರೆಗೂ ಮುಂದಿದ್ದವನಿಗೆ ರೆಫರಿ ಎಚ್ಚರಿಕೆಗಳನ್ನು ಕೊಟ್ಟು, ಆ ಅಂಕಗಳು ಎದುರಾಳಿಗೆ ಸೇರಿ 4-3 ಆಯಿತು. ಟೀವಿ ಮುಂದೆ ಕೂತಿದ್ದ ನಾವೆಲ್ಲ ಕೂಗಾಡಿದ್ದೆವು, ಭಾರತದ ದೂರು ಫಲಿಸಲಿಲ್ಲ. ಆ ಸಿಟ್ಟಿನಲ್ಲಿ ಫೈನಲ್‌ನಲ್ಲಿ ಏನಾಯಿತೆಂದು ನಾನು ನೋಡಲೂ ಇಲ್ಲ. ಬೆಲ್‌ಫಾಸ್ಟಿಗೆ ಹೋದ ಮೇಲೆ ಗೊತ್ತಾಯಿತು: ಒಗೋಗೊನನ್ನು ಸೋಲಿಸಿ ಚಿನ್ನ ಗೆದ್ದವನು ಉತ್ತರ ಐರ್ಲೆಂಡಿನ ಡಂಗಿವನ್ ಎಂಬ ಸಣ್ಣ ಊರಿನ ಏಮನ್ ಒಕೇನ್. ಪ್ಯಾಡಿ ಬಾರ್ನ್ಸ್, ಪ್ಯಾಡಿ ಗ್ಯಾಲಘರ್ ಸೇರಿ ಆ ಪುಟ್ಟ ಪ್ರಾಂತ್ಯ ದೆಹಲಿಯಿಂದ ಬಾಕ್ಸಿಂಗಿನಲ್ಲೇ ಮೂರು ಚಿನ್ನ ಹೊತ್ತು ಹೋಗಿತ್ತು. ಒಕೇನ್ ನಂತರ ವೃತ್ತಿಪರನಾದ. 2012ರ ಮೇನಲ್ಲಿ ಬೆಲ್‌ಫಾಸ್ಟಿನಲ್ಲಿ ಮಿಡಲ್‌ವೇಟ್ ಪ್ರೈಜ್‌ಫೈಟರ್ ಗೆದ್ದ. ಅವನೂ 2015ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ವರೆಗೆ ಹೋಗಿ, ಬಹಾಮಾಸ್‌ನ ಟುರಿಯಾನೊ ಜಾನ್ಸನ್ ಎದುರು ಹನ್ನೆರಡು ಸುತ್ತು ಆಡಿ, ಅಂಕಗಳ ಮೇಲೆ ಸೋತ. ಗೆದ್ದಿದ್ದರೆ ಮುಂದಿನದು ವಿಶ್ವ ಪ್ರಶಸ್ತಿಯ ಪಂದ್ಯ. ಅಂದಹಾಗೆ ನಮ್ಮ ವಿಜೇಂದರ್ ಇಂಗ್ಲೆಂಡಿಗೆ ಹೋಗಿ ವೃತ್ತಿಪರನಾದದ್ದೂ ಅದೇ 2015ರಲ್ಲಿ.

ಮೂವರು ಗೆದ್ದರು, ಮೂವರೂ ಮುಂದೆ ದೀರ್ಘ ಆಟದಲ್ಲಿ ಸೋತರು. ಹಾಗಾದರೆ ಬಸ್ಸಿನಲ್ಲಿ ಬೈದ ಹಿರಿಯರ ಮಾತೇ ನಿಜವೇ? ನನಗೆ ಹಾಗನ್ನಿಸುವುದಿಲ್ಲ. ಈ ಮೂವರು ಸೋತದ್ದು ಎಲ್ಲಿ ನಿಂತು ಎಂಬುದನ್ನೂ ನೋಡಬೇಕು. ಒಬ್ಬ ಕಾಮನ್‌ವೆಲ್ತ್ ಚಾಂಪಿಯನ್ ಆಗಿ ಸೋತ, ಒಬ್ಬ ಯುರೋಪಿನ ಚಾಂಪಿಯನ್ ಆಗಿ ಸೋತ, ಒಬ್ಬ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸೋತ. ಆ ಶುಕ್ರವಾರ ರಾತ್ರಿ ಇಲ್ಲದಿದ್ದರೆ ರೋಗನ್‌ಗೆ ಅಂಥ ಸೋಲು ಸೋಲುವ ಅವಕಾಶವೂ ಇರುತ್ತಿರಲಿಲ್ಲ. ಹಾಗೆಂದು ಪ್ರೈಜ್‌ಫೈಟರ್ ಧರ್ಮಛತ್ರವೇನೂ ಅಲ್ಲ. ಅದು ಟೀವಿಯವರ ವ್ಯಾಪಾರ. ಒಂದೇ ರಾತ್ರಿ ಮೂರು ಪಂದ್ಯದ ಪೆಟ್ಟು ತಿನ್ನುವುದು ಬಾಕ್ಸರನ ದೇಹ, ಪ್ರಮೋಟರನದ್ದಲ್ಲ. ಗೆದ್ದ ಒಬ್ಬನ ಕತೆ ನಾನು ಬರೆಯುತ್ತಿದ್ದೇನೆ. ಉಳಿದ ಏಳು ಮಂದಿ ಅದೇ ಪೆಟ್ಟು ತಿಂದು ಮನೆಗೆ ಹೋದರು.

ಈಗ ಯಾರಾದರೂ, 'ಇಂಥ ಚುಟುಕು ಪಂದ್ಯಾವಳಿಯಲ್ಲಿ ಐರಿಷ್ ಬಾಕ್ಸರ್‌ಗೆ ಅವಕಾಶ ಹೇಗಿದೆ?' ಎಂದು ಕೇಳಿದರೆ ನಾನು ಮೊದಲು ನೋಡುವುದು ಅವನು ಎಷ್ಟು ವರ್ಷ ಹವ್ಯಾಸಿಯಾಗಿ ಆಡಿದ್ದಾನೆ ಎಂಬುದನ್ನು. ಆಮೇಲೆ, ಹುಬ್ಬು ಬೇಗ ಸೀಳುತ್ತದೆಯೇ, ಮೊದಲ ಪಂದ್ಯವನ್ನು ಅಗ್ಗವಾಗಿ ಮುಗಿಸಬಲ್ಲನೇ ಎಂಬುದನ್ನು. ಈ ಮೂರೂ ಸರಿಯಿದ್ದರೆ ಅವಕಾಶ ಚೆನ್ನಾಗಿಯೇ ಇದೆ, ಹೆಸರುವಾಸಿಗಳಿಗಿಂತ ಒಂದು ಕೈ ಹೆಚ್ಚೇ ಇದೆ ಎಂದು ಹೇಳುತ್ತೇನೆ. ಗೆದ್ದ ಮರುದಿನ ಬರುವ ಫೋನ್ ಕರೆಗಳ ಬಗ್ಗೆ ಮಾತ್ರ ಎಚ್ಚರಿಕೆ ಹೇಳುತ್ತೇನೆ.

ರೋಗನ್‌ನನ್ನು ರಿಂಗಿನಲ್ಲಿ ಜನ ನಂತರವೂ ನೋಡಿದರು. 2012ರ ಏಪ್ರಿಲ್‌ನಲ್ಲಿ, ನಲವತ್ತೊಂದಕ್ಕೆ ಎರಡು ವಾರ ಇರುವಾಗ, ಅದೇ ಒಡಿಸ್ಸಿ ಅರೀನಾದಲ್ಲಿ ಐರಿಷ್ ಹೆವಿವೇಟ್ ಪಟ್ಟಕ್ಕಾಗಿ ಇಪ್ಪತ್ಮೂರರ ಟೈಸನ್ ಫ್ಯೂರಿ ಎದುರು ನಿಂತ. ಮುಂದೆ ವಿಶ್ವ ಚಾಂಪಿಯನ್ ಆಗಲಿದ್ದ ಆ ಎತ್ತರದ ಹುಡುಗ ಅವತ್ತು ಎಡಗೈ ಬಾಕ್ಸರ್‌ನ ಹಾಗೆ ನಿಂತು ಆಡಿದ. ಐದನೆಯ ಸುತ್ತಿನಲ್ಲಿ ಮುಗಿಯಿತು. 2013ರಲ್ಲಿ ರೋಗನ್ ಮತ್ತೊಮ್ಮೆ ಪ್ರೈಜ್‌ಫೈಟರ್‌ಗೆ ಬಂದ. ಈ ಸಲ ಸೆಮಿಫೈನಲ್‌ನಲ್ಲಿ ಅವನನ್ನು ತಡೆದವನು ಹಳೆಯ ಎದುರಾಳಿ ಆಡ್ಲಿ ಹ್ಯಾರಿಸನ್.

ಇದನ್ನೆಲ್ಲ ಓದಿ ತಿಳಿದುಕೊಂಡ ಮೇಲೆ ಬೆಲ್‌ಫಾಸ್ಟಿನಲ್ಲಿ ಟ್ಯಾಕ್ಸಿ ಹತ್ತಿದಾಗಲೆಲ್ಲ ಚಾಲಕರನ್ನು ಮಾತಿಗೆಳೆಯುತ್ತಿದ್ದೆ. ಒಬ್ಬರಿಗೆ ಸೆಕ್ಸ್‌ಟನ್ ಎದುರಿನ ಸೋಲಿನ ಬಗ್ಗೆ ಕೇಳಿದೆ. ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, 'ಅವತ್ತು ನಾನೂ ಅಲ್ಲಿದ್ದೆ' ಎಂದಷ್ಟೇ ಹೇಳಿ ಸುಮ್ಮನಾದರು. ಮುಂದಿನ ಸಿಗ್ನಲ್ ಬಂದಾಗ ತಾವೇ ಮಾತು ತೆಗೆದು, ಲಂಡನ್ನಿನ ಆ ಮೂರು ಪಂದ್ಯಗಳನ್ನು ಒಂದೊಂದಾಗಿ, ಎರಡೂ ಕೈ ಎತ್ತಿ ತೋರಿಸುತ್ತಾ ಹೇಳತೊಡಗಿದರು. ಹಸಿರು ದೀಪ ಬಂದು ಹಿಂದಿನ ಕಾರು ಹಾರ್ನ್ ಮಾಡಿತು. ಅವರಿನ್ನೂ ಸೆಮಿಫೈನಲ್‌ನಲ್ಲೇ ಇದ್ದರು.